ಸೂರು ಹೊದ್ದ ಮೋಟಾರ್ ಸೈಕಲ್ಲು

ಮಳೆಗಾಲದಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಸಂತೆಗೆ ಹೋಗಿ ಬರುವವರ ಪಾಡು ನಿಮಗೆ ಗೊತ್ತೇ ಇದೆ. ಮುಖಕ್ಕೆ ಹೊಡೆಯುವ ಮಳೆ, ಮೈಯೆಲ್ಲ ಕೆಸರು, ತಂದ ಸಾಮಾನು ತೊಪ್ಪೆ. ‘ಇದಕ್ಕೊಂದು ಸೂರು ಇದ್ದಿದ್ದರೆ!’ ಅಂತ ಎಷ್ಟು ಸಲ ಅಂದುಕೊಂಡಿಲ್ಲ? ಹಾಗೆ ಸೂರು ಹೊದಿಸಿದವರೂ ಉಂಟು. ಅವರ ಸಂಗತಿ ಇವತ್ತು ಹೇಳುತ್ತೇನೆ, ಕೇಳಿ.

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದಾಗ ಜರ್ಮನಿಯಲ್ಲಿ ಕೈಕಾಲು ಕಳೆದುಕೊಂಡು ಮನೆ ಸೇರಿದ ಸಿಪಾಯಿಗಳು ಬಹಳ ಮಂದಿ. ವಿಮಾನದ ಕೆಲಸ ಬಲ್ಲ ಫ್ರಿಟ್ಜ್ ಫೆಂಡ್ ಎಂಬ ಎಂಜಿನಿಯರು 1948ರ ಸುಮಾರಿಗೆ ಇಂಥವರಿಗೆಂದೇ ಮೂರು ಗಾಲಿಯ ಪುಟ್ಟ ಬಂಡಿ ಮಾಡಿದರು. ಮೊದಮೊದಲು ಅದು ಮೈಬಲದಿಂದಲೇ ಓಡುತ್ತಿತ್ತು. ಆಮೇಲೆ ಸಣ್ಣ ಎಂಜಿನ್ನು ಬಂತು. ಆಗ ಒಂದು ಸೋಜಿಗವಾಯಿತು. ಕೈಕಾಲು ನೆಟ್ಟಗಿದ್ದವರೂ ‘ನಮಗೂ ಒಂದು ಕೊಡಿ’ ಅಂತ ಬಂದರು! ಯಾಕೆ ಅಂತೀರಾ? ಕಾರು ಕೊಳ್ಳುವ ಶಕ್ತಿ ಅವರಿಗಿಲ್ಲ. ಬರಿಯ ಮೋಟಾರ್ ಸೈಕಲ್ಲಿನಲ್ಲಿ ಚಳಿಮಳೆ ತಡೆಯಲಾಗದು.

ಯುದ್ಧದಲ್ಲಿ ವಿಮಾನ ಕಟ್ಟುತ್ತಿದ್ದ ಮೆಸ್ಸರ್‌ಸ್ಮಿಟ್ ಕಂಪನಿಗೆ ಆಗ ವಿಮಾನ ಕಟ್ಟುವ ಅಪ್ಪಣೆ ಇರಲಿಲ್ಲ. ಅವರ ರೇಗನ್ಸ್‌ಬರ್ಗ್ ಕಾರ್ಖಾನೆಯಲ್ಲಿ ಫೆಂಡ್ ಅವರ ಬಂಡಿ 1953ರಲ್ಲಿ ಹೊಸ ರೂಪ ಪಡೆಯಿತು. 1955ರಲ್ಲಿ ಅದರ ಸುಧಾರಿಸಿದ ತಳಿ, ಕೆ.ಆರ್. 200, ಹೊರಬಂತು. ಕೂರುವುದು ಒಬ್ಬರ ಹಿಂದೆ ಒಬ್ಬರು. ಮೈ ಸಪೂರವಾದಷ್ಟೂ ಗಾಳಿಯ ತಡೆ ಕಡಿಮೆ ನೋಡಿ! ತಲೆಯ ಮೇಲೆ ಪಾರದರ್ಶಕ ಮುಚ್ಚಳ. ಪೆಟ್ಟಿಗೆಯ ಮುಚ್ಚಳದ ಹಾಗೆ ಪಕ್ಕಕ್ಕೆ ಎತ್ತಿ ಒಳಗೆ ಇಳಿಯಬೇಕು. ತಿರುಗಿಸುವುದಕ್ಕೆ ಚಕ್ರವಿಲ್ಲ, ಹ್ಯಾಂಡಲು. 191 ಸಿ.ಸಿ.ಯ ಮೋಟಾರ್ ಸೈಕಲ್ ಎಂಜಿನ್ನಿನಲ್ಲೇ ಗಂಟೆಗೆ ಸುಮಾರು 90 ಕಿಲೋಮೀಟರು ಓಡುತ್ತಿತ್ತು. ಹಿಂದಕ್ಕೆ ಹೋಗಬೇಕಾದರೆ ಎಂಜಿನ್ನು ನಿಲ್ಲಿಸಿ ಅದನ್ನೇ ಉಲ್ಟಾ ತಿರುಗುವಂತೆ ಚಾಲೂ ಮಾಡುವುದು. ಹೀಗಾಗಿ ನಾಲ್ಕು ಗೇರೂ ಹಿಂದಕ್ಕೂ ಒದಗುತ್ತಿದ್ದವು!

ಇದರ ಎರಡು ಗಾಲಿ ಮುಂದೆ, ಒಂದು ಹಿಂದೆ. ಗಾಡಿಗೆ ಹುಲ್ಲು ಹೇರುವಾಗ ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ, ಅಲ್ಲವೇ? ಭಾರದ ಲೆಕ್ಕ ಇಲ್ಲಿಯೂ ಉಂಟು. ತಿರುವಿನಲ್ಲಿ ಬ್ರೇಕು ಹಾಕಿದರೆ ಭಾರವೆಲ್ಲ ಮುಂದಕ್ಕೂ ಹೊರಕ್ಕೂ ನುಗ್ಗುತ್ತದೆ. ಅಲ್ಲಿ ಎರಡು ಗಾಲಿ ಅಗಲವಾಗಿ ನಿಂತಿದ್ದರೆ ಗಾಡಿ ಸುಲಭಕ್ಕೆ ಮಗುಚುವುದಿಲ್ಲ.

ಇನ್ನು ಎರಡೇ ಗಾಲಿಯ ಗಾಡಿಗೆ ಪೂರ್ತಿ ಸೂರು ಹಾಕಿದರೆ? ನಿಂತಾಗ ಕಾಲು ನೆಲಕ್ಕೆ ಎಟುಕುವುದಿಲ್ಲ. 1980ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಇಕೋಮೊಬೈಲ್ ಎಂಬ ಗಾಡಿಗೆ, ನಿಲ್ಲುವಾಗ ಎರಡೂ ಪಕ್ಕದಲ್ಲಿ ಕೆಳಗಿಳಿಯುವ ಪುಟ್ಟ ಗಾಲಿಗಳನ್ನು ಜೋಡಿಸಿದರು. ನೋಡಿ, ಒಂದು ಸೂರಿಗೆ ಎಷ್ಟು ಯೋಚನೆ ಬೇಕಾಯಿತು!

ಆದ್ದರಿಂದ ನೀವು ಮೋಟಾರ್ ಸೈಕಲ್ಲಿಗೆ ತಗಡು ಬಿಗಿಸಿ ಮಾಡು ಕಟ್ಟಲು ಹೋಗಬೇಡಿ. ಅಡ್ಡಗಾಳಿ ಬಂದರೆ ಅದು ದೋಣಿಯ ಹಾಯಿಯಂತೆ ಗಾಡಿಯನ್ನು ರಸ್ತೆಯಿಂದಾಚೆ ತಳ್ಳುತ್ತದೆ. ಅಪ್ಪಣೆಯಿಲ್ಲದೆ ಗಾಡಿಯ ರೂಪ ಬದಲಾಯಿಸುವುದನ್ನು ಕಾಯಿದೆಯೂ ಒಪ್ಪದು. ಹಾಲಿನ ಕ್ಯಾನಿರಲಿ, ಗೊಬ್ಬರದ ಚೀಲವಿರಲಿ, ಭಾರ ಕೆಳಗಿರಲಿ, ಎರಡು ಕಡೆಗೂ ಸಮನಾಗಿರಲಿ.

ಕಡಮೆ ಬೆಲೆಯ ಸಣ್ಣ ಕಾರುಗಳು ಬಂದ ಮೇಲೆ ಫೆಂಡ್ ಅವರ ಗಾಡಿಗೆ ಗಿರಾಕಿ ಕಡಮೆಯಾಗಿ, 1964ರಲ್ಲಿ ಅದರ ತಯಾರಿಕೆ ನಿಂತಿತು. ಆದರೆ ಅದರ ಪಾಠ ನಿಂತಿಲ್ಲ. ಕಾಲಿಲ್ಲದವನಿಗಾಗಿ ಮಾಡಿದ ಬಂಡಿ ಕಾಲಿದ್ದವನಿಗೂ ಬೇಕಾಯಿತು. ನಿಮ್ಮ ಮನೆಯಲ್ಲಿ ಬಾವಿಯ ರಾಟೆಯನ್ನೋ ಕೊಟ್ಟಿಗೆಯ ಮೆಟ್ಟಿಲನ್ನೋ ಸರಿಮಾಡಿಸುವಾಗ ಅಜ್ಜಿಯನ್ನು ಒಂದು ಮಾತು ಕೇಳಿ. ಅಜ್ಜಿಗೆ ಹಗುರಾದದ್ದು ಸೊಸೆಗೂ ಹಗುರ, ಮೊಮ್ಮಗನಿಗೂ ಹಗುರ.