ಖಾರಕಡ್ಡಿ, ಲಡ್ಡು, ಸಾಂತಾಣಿ: ಪುತ್ತೂರು ಸೀಮೆಯ ತಿಂಡಿ ಅಂಗಡಿಯ ಕಥೆ

ಪುತ್ತೂರು, ಸುಳ್ಯ, ಕಡಬ, ಈ ಮೂರರಲ್ಲಿ ಯಾವ ಪೇಟೆಗೆ ಹೋದರೂ ಸರಿ, ಸಿಹಿತಿಂಡಿ ಅಂಗಡಿಯ ಎದುರು ಒಂದು ಗಳಿಗೆ ನಿಂತು ನೋಡಿ. ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿ ಲಡ್ಡು, ಮೈಸೂರು ಪಾಕ್, ಜಿಲೇಬಿ, ಕಾಜು ಬರ್ಫಿ. ಕೆಳಗಿನ ಸಾಲಿನಲ್ಲಿ ಖಾರಕಡ್ಡಿ, ಮಿಕ್ಸ್ಚರ್, ತುಕ್ಕುಡಿ, ಚಕ್ಕುಲಿ. ಪಕ್ಕದ ಮೇಜಿನ ಮೇಲೆ ಹಲಸಿನ ಹಪ್ಪಳ, ಹಲಸಿನ ತೊಳೆ ಕರಿದ ಸೋಂಟೆ, ಮಾಂಬಳ, ಸಾಂತಾಣಿಯ ಪ್ಯಾಕೆಟ್ಟುಗಳು. ಕಪಾಟಿನೊಳಗಿನ ತಿಂಡಿ ಅಂಗಡಿಗೆ ಬಂದದ್ದು ನಮ್ಮ ಮನೆಗಳಲ್ಲಿ ಅದನ್ನು ಮಾಡುವ ಸೌಕರ್ಯ ಇರಲಿಲ್ಲ ಎಂಬ ಕಾರಣಕ್ಕೆ. ಮೇಜಿನ ಮೇಲಿನದು ಬಂದದ್ದು ನಮ್ಮ ಮನೆಗಳು ಅದನ್ನು ಮಾಡುವುದನ್ನು ಬಿಟ್ಟ ಮೇಲೆ. ಇವತ್ತಿನ ನನ್ನ ಮಾತು ಈ ಎರಡು ಬರವುಗಳ ಬಗ್ಗೆ.

ಮದರಾಸು ಪ್ರಾಂತ್ಯದ ಕಾಲದಲ್ಲಿ ಈ ಸೀಮೆಗೆ ಉಪ್ಪಿನಂಗಡಿ ತಾಲೂಕು ಎಂದು ಹೆಸರಿತ್ತು, ಕಚೇರಿ ಮಾತ್ರ ಪುತ್ತೂರಿನಲ್ಲಿ. ಕಾಡು, ಗುಡ್ಡ, ಗುಡ್ಡದ ಬುಡದಲ್ಲಿ ಅಡಿಕೆ ತೋಟ, ಬಯಲಿನಲ್ಲಿ ಗದ್ದೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಡು, ಸಂಕ, ಏರು. ಇಂಥ ಕಡೆ ದಿನಾ ತೆರೆದಿರುವ ತಿಂಡಿ ಅಂಗಡಿ ಯಾರಿಗೆ ಬೇಕಿತ್ತು? ಬಂದ ನೆಂಟರಿಗೆ ಮೊದಲು ಬೆಲ್ಲ ನೀರು, ಆಮೇಲೆ ಊಟ. ಹಬ್ಬಕ್ಕೆ ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ, ಸುಟ್ಟವು, ಪಾಯಸ. ಆಟಿ ತಿಂಗಳ ಜಡಿಮಳೆಗೆ ಪತ್ರೊಡೆ ಮತ್ತು ಬೇಸಿಗೆಯಲ್ಲೇ ಒಣಗಿಸಿ ಡಬ್ಬಿಯಲ್ಲಿ ತುಂಬಿಟ್ಟ ಹಪ್ಪಳ. ಅಕ್ಕಿ, ತೆಂಗು, ಬೆಲ್ಲ, ಹಲಸು, ಬಾಳೆ: ಇಷ್ಟರಲ್ಲಿ ವರ್ಷವಿಡೀ ತಿಂಡಿಗೆ ತತ್ವಾರವಿರಲಿಲ್ಲ.

ಕೊಂಡು ತಿನ್ನುವ ಸಿಹಿ ಸಿಗುತ್ತಿದ್ದದ್ದು ಜಾತ್ರೆಯಲ್ಲಿ ಮತ್ತು ಸಂತೆಯಲ್ಲಿ. ಏಪ್ರಿಲ್ 10ಕ್ಕೆ ಕೊಡಿ ಏರಿ 17ಕ್ಕೆ ಬ್ರಹ್ಮರಥ ಎಳೆಯುವ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ ಎಂದರೆ ಹಿರಿಯರಿಗೆ ದೇವರ ಬಲಿ, ಹುಡುಗರಿಗೆ ಸುಡುಮದ್ದಿನ ಪುತ್ತೂರ ಬೆಡಿ ಮತ್ತು ದೇವರಮಾರು ಗದ್ದೆಯ ಅಂಗಡಿಸಾಲು. ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿಗೆ ಘಟ್ಟದ ಮೇಲಿನವರು ಬರುತ್ತಿದ್ದರು, ಅಲ್ಲಿಯ ದನದ ಜಾತ್ರೆಯೂ ದೊಡ್ಡದಿತ್ತು. ಜನ ಬಂದಲ್ಲಿಗೆ ಮಿಠಾಯಿಯವನೂ ಬರುತ್ತಾನೆ. ವರ್ಷಕ್ಕೊಮ್ಮೆ ತಿಂದ ಜಿಲೇಬಿಯ ರುಚಿ ಮುಂದಿನ ವರ್ಷದವರೆಗೂ ನಾಲಿಗೆಯಲ್ಲಿ ಉಳಿಯುತ್ತಿತ್ತು ಎಂದರೆ ಅತಿಶಯೋಕ್ತಿಯಲ್ಲ. ಅದು ಬರೀ ಬಡತನದಿಂದಲ್ಲ. ಲಡ್ಡುವಿಗೆ ಕಡ್ಲೆಹಿಟ್ಟು, ಸಕ್ಕರೆ, ತುಪ್ಪ ಬೇಕು. ಜಿಲೇಬಿಗೆ ಮೈದಾ ಅಥವಾ ಉದ್ದಿನ ಹಿಟ್ಟು, ಮತ್ತೆ ಸಕ್ಕರೆ. ಇದರಲ್ಲಿ ಉದ್ದೊಂದನ್ನು ಬಿಟ್ಟರೆ ಯಾವುದು ನಮ್ಮಲ್ಲಿ ಬೆಳೆಯುತ್ತದೆ? ಈ ಮಳೆಗೆ ಕಡ್ಲೆ ಬಾರದು, ಗೋಧಿಯಂತೂ ಕನಸಿನ ಮಾತು. ಹಾಲಿನ ಲೆಕ್ಕವೂ ಅಷ್ಟೇ. ಗುಡ್ಡದಲ್ಲಿ ಮೇಯುವ ಮಲೆನಾಡು ಗಿಡ್ಡ ತಳಿಯ ದನ ಮನೆಯ ಮಜ್ಜಿಗೆಗೆ, ದೀಪದ ತುಪ್ಪಕ್ಕೆ ಆಗುವಷ್ಟು ಕೊಟ್ಟರೆ ಅದೇ ಹೆಚ್ಚು. ಖೋವಾ ಕಾಯಿಸಿ ಪೇಡ ಮಾಡುವ ಊರುಗಳ ಕಥೆಯೇ ಬೇರೆ. ಇಲ್ಲಿ ಹಾಲಿನ ಸಿಹಿ ಪೇಟೆಯ ಸರಕಾದದ್ದು ಸಹಕಾರಿ ಡೈರಿಗಳು ಬಂದ ಮೇಲೆ.

ರಸ್ತೆ, ಬಸ್ಸು ಬಂದು, ಪುತ್ತೂರಿನಲ್ಲಿ ಕೋರ್ಟು, ಶಾಲೆ, ಅಡಿಕೆ ಮಂಡಿಗಳು ಬೆಳೆದ ಮೇಲೆ ಹೋಟೆಲು ಬೇರೂರಿತು. ಸಜ್ಜಿಗೆ-ಬಜಿಲು, ಬನ್ಸು, ಗೋಳಿಬಜೆ, ಅಂಬಡೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಣ್ಣ ಗಾಜಿನ ಪೆಟ್ಟಿಗೆ, ಅದರೊಳಗೆ ಲಡ್ಡು, ಖಾರಕಡ್ಡಿ, ಬಾಳೆಹಣ್ಣಿನ ಹಲ್ವ. ನಮ್ಮ ಸಿಹಿತಿಂಡಿ ಅಂಗಡಿಯ ಮೂಲ ಆ ಪೆಟ್ಟಿಗೆ ಎಂದೇ ನನ್ನ ಅಂದಾಜು. ಸೋಮವಾರ ಪುತ್ತೂರು ಸಂತೆಗೆ ಅಡಿಕೆ, ಕಾಳುಮೆಣಸು ಹೊತ್ತು ಬಂದವರು ಸಂಜೆ ಹಿಂದಿರುಗುವಾಗ ಕೈಯಲ್ಲೊಂದು ಕಾಗದದ ಪೊಟ್ಟಣ ಇರಲೇಬೇಕು. ಅದಿಲ್ಲದೆ ಮನೆಯ ಅಂಗಳಕ್ಕೆ ಕಾಲಿಡುವ ಧೈರ್ಯ ಯಾವ ಅಜ್ಜನಿಗೂ ಇರಲಿಲ್ಲ.

ಈಗ ಒಂದು ಪ್ರಶ್ನೆ. ಮನೆಯಲ್ಲಿ ಅಷ್ಟೊಂದು ಬಗೆಯ ತಿಂಡಿ ಇದ್ದರೂ ಆ ಗಾಜಿನ ಪೆಟ್ಟಿಗೆಗೆ ಕೊಟ್ಟಿಗೆ ಯಾಕೆ ಬರಲಿಲ್ಲ? ಪತ್ರೊಡೆ ಯಾಕೆ ಬರಲಿಲ್ಲ? ಬೇಯಿಸಿದ್ದು ಸಂಜೆಗೆ ಹಳಸುತ್ತದೆ, ಅದೊಂದು ಕಾರಣ. ಇನ್ನೊಂದನ್ನು ನಾವು ಬಾಯಿಬಿಟ್ಟು ಹೇಳುವುದು ಕಡಿಮೆ: ಮುಸುರೆ. ನೀರಿನಲ್ಲಿ ಬೆಂದ ಅನ್ನ, ಅಕ್ಕಿಯ ಕಡುಬು ಮುಸುರೆ. ಅದನ್ನು ಯಾರು ಮಾಡಿದರು, ಯಾರು ಮುಟ್ಟಿದರು ಎಂಬ ವಿಚಾರಣೆ ಗಟ್ಟಿ. ಎಣ್ಣೆಯಲ್ಲಿ ಕರಿದದ್ದು, ಸಕ್ಕರೆ ಪಾಕದಲ್ಲಿ ಕಟ್ಟಿದ್ದು ಅಷ್ಟು ಮುಸುರೆಯಲ್ಲ ಎಂಬ ಎಣಿಕೆ. ಹಾಗಾಗಿ ಖಾರಕಡ್ಡಿಯ ಪೊಟ್ಟಣ ಯಾವ ಮನೆಯ ಚಾವಡಿಗೂ ಹೋಗಬಹುದಿತ್ತು, ಕೊಟ್ಟಿಗೆ ಹೋಗುವಂತಿರಲಿಲ್ಲ. ಕರಿದ ತಿಂಡಿ ಅಂಗಡಿಯನ್ನು ಆಳಿದ್ದಕ್ಕೆ ರುಚಿಯಷ್ಟೇ ಈ ಲೆಕ್ಕಾಚಾರವೂ ಕಾರಣ.

ಮತ್ತೆ, ಪೊಟ್ಟಣ ಹೋದ ಕಡೆಗೆಲ್ಲ ಮನುಷ್ಯ ಹೋಗುವಂತಿರಲಿಲ್ಲ. ಮದರಾಸು ಪ್ರಾಂತ್ಯದ ಹೋಟೆಲುಗಳಲ್ಲಿ ‘ಬ್ರಾಹ್ಮಣರಿಗೆ’ ಎಂದು ಬೇರೆಯೇ ಕೋಣೆ ಇರುತ್ತಿದ್ದ ಕಾಲ ಅದು. ದಲಿತರಿಗೆ ಒಳಗೆ ಬೆಂಚೇ ಇಲ್ಲ, ಹೊರಗಿನಿಂದಲೇ ವ್ಯವಹಾರ. 1955ರ ಅಸ್ಪೃಶ್ಯತಾ ಅಪರಾಧ ಕಾಯಿದೆ ಅಂಗಡಿ, ಹೋಟೆಲುಗಳಲ್ಲಿ ಈ ಭೇದ ಮಾಡುವುದನ್ನು ಶಿಕ್ಷಾರ್ಹ ಅಪರಾಧ ಮಾಡಿತು. ಕಾಯಿದೆ ಬಂದ ಮರುದಿನವೇ ಎಲ್ಲ ಬೆಂಚುಗಳೂ ಎಲ್ಲರದ್ದಾದವು ಎಂದು ಹೇಳಿದರೆ ಸುಳ್ಳಾಗುತ್ತದೆ. ತಿಂಡಿಯ ಚರಿತ್ರೆಯನ್ನು ಬರೀ ಬಾಯಲ್ಲಿ ನೀರೂರಿಸುವ ಕಥೆಯಾಗಿ ಹೇಳುವವರು ಈ ಬೆಂಚಿನ ವಿಷಯವನ್ನೂ ಸೇರಿಸಿ ಹೇಳಬೇಕು.

ಇನ್ನು ಸಾಮಾನಿನ ಕಥೆ. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂತು. ತುಪ್ಪವಿಲ್ಲದ ಊರಿಗೆ ತುಪ್ಪದ ಹಾಗೆ ಗಟ್ಟಿಯಾಗುವ, ಕಡಿಮೆ ಬೆಲೆಯ ಡಬ್ಬಿ ಸಿಕ್ಕಿತು. ಶುದ್ಧ ತುಪ್ಪದ ಅಭಿಮಾನಿಗಳು ಇವತ್ತಿಗೂ ಆ ಹೆಸರಿಗೆ ಮೂಗು ಮುರಿಯುತ್ತಾರೆ, ಆದರೆ ಸಾಮಾನ್ಯರ ಕೈಗೆ ಸಿಹಿ ಎಟುಕಿದ್ದು ಅದರಿಂದ. 1930ರ ದಶಕದಲ್ಲಿ ದೇಶದ ಸಕ್ಕರೆ ಕಾರ್ಖಾನೆಗಳಿಗೆ ಸರಕಾರದ ರಕ್ಷಣೆ ಸಿಕ್ಕಿ, ಮಂಡ್ಯದಂಥ ಕಡೆ ಕಾರ್ಖಾನೆ ಎದ್ದಿತು. ಅಷ್ಟರಲ್ಲಿ ಯುದ್ಧ, ಯುದ್ಧದ ಹಿಂದೆ ರೇಶನು. ಆಮೇಲೂ ಎಷ್ಟೋ ವರ್ಷ ಸಕ್ಕರೆ ಎಂದರೆ ಸೊಸೈಟಿಯ ಸಾಲಿನಲ್ಲಿ ನಿಂತು ತರುವ ವಸ್ತು, ಮದುವೆಗೆ ಹೆಚ್ಚು ಬೇಕಿದ್ದರೆ ಪರ್ಮಿಟ್ಟು. 1956ರಲ್ಲಿ ಅಮೆರಿಕದ ಜೊತೆ ಪಿ.ಎಲ್. 480 ಒಪ್ಪಂದವಾಗಿ ಹಡಗು ಹಡಗು ಗೋಧಿ ದೇಶಕ್ಕೆ ಬಂತು. ಕುಚ್ಚಲಕ್ಕಿಯ ಊರಿನಲ್ಲೂ ಮೈದಾ ಬಳಕೆಯ ವಸ್ತುವಾಯಿತು. ಇವತ್ತು ಹೊರಗಿನವರು ‘ಮಂಗಳೂರು ಬನ್ಸ್’ ಎಂದು ಕೊಂಡಾಡುವ ತಿಂಡಿಯಲ್ಲಿ ಹಣ್ಣಾಗಿ ಕಪ್ಪಾದ ಬಾಳೆಹಣ್ಣು ನಮ್ಮದು, ಮೈದಾ ಪರಸ್ಥಳದ್ದು. ಸಾವಿರ ವರ್ಷದ ಪರಂಪರೆ ಎಂದೆಲ್ಲ ಅದಕ್ಕೆ ಕಿರೀಟ ತೊಡಿಸುವುದು ಬೇಡ.

ಅದೇ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ನಕ್ಷೆಯಲ್ಲಿ ಗೆರೆ ಬಿತ್ತು, ನಾಲಿಗೆಯಲ್ಲಿ ಬೀಳಲಿಲ್ಲ. ಮಧೂರಿನ ಗಣಪತಿಯ ಅಪ್ಪ ಪ್ರಸಾದಕ್ಕೆ ಇಲ್ಲಿಂದ ಹೋಗುವವರು ಹೋಗುತ್ತಲೇ ಇದ್ದಾರೆ. ತೆಂಗಿನೆಣ್ಣೆಯಲ್ಲಿ ಕರಿದ ನೇಂದ್ರ ಚಿಪ್ಸು, ಕಪ್ಪು ಬೆಲ್ಲದ ಹಲ್ವ ಅಲ್ಲಿಂದ ಬರುತ್ತಲೇ ಇವೆ. ತಿರುವಾಂಕೂರಿನ ಕಡೆಯಿಂದ ಬಂದು ಕಡಬ, ನೆಲ್ಯಾಡಿಯ ಸುತ್ತ ರಬ್ಬರು ಹಾಕಿದ ಕ್ರೈಸ್ತ ಕುಟುಂಬಗಳು ಅಚ್ಚಪ್ಪ, ಕುಳಲಪ್ಪ ತಂದವು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ತರುವಾಯ ಸಿಲೋನಿನಿಂದ ಮರಳಿದ ತಮಿಳರು ಸುಳ್ಯ, ಪುತ್ತೂರಿನ ಸರಕಾರಿ ರಬ್ಬರು ತೋಟಗಳಲ್ಲಿ ನೆಲೆಸಿದರು. ರಂಜಾನಿನ ಸಂಜೆ ಬ್ಯಾರಿಗಳ ಅಂಗಡಿಯ ಸಮೋಸಕ್ಕೆ ಕಾಯುವವರಲ್ಲಿ ಉಪವಾಸ ಮಾಡದವರೂ ಇರುತ್ತಾರೆ. ಸುಳ್ಯದ ಒಂದು ಸಣ್ಣ ಅಂಗಡಿಯ ಕಪಾಟನ್ನು ಓದಲು ಬಂದರೆ ಈ ನೆಲಕ್ಕೆ ಯಾರ್ಯಾರು ಬಂದು ನೆಲೆಸಿದರು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಇನ್ನು ದಾರಿಗಳ ಕಥೆ. 1979ರಲ್ಲಿ ಹಾಸನ-ಮಂಗಳೂರು ರೈಲು ದಾರಿ ಪೂರ್ಣಗೊಂಡು ಕಬಕ-ಪುತ್ತೂರು, ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳು ಎದ್ದವು. ಮಾಣಿ-ಮೈಸೂರು ರಸ್ತೆಯಲ್ಲಿ ಸಂಪಾಜೆ ಘಾಟಿ ಹತ್ತುವ ಮೊದಲು ಸಿಗುವ ದೊಡ್ಡ ಪೇಟೆ ಸುಳ್ಯ, ಹಾಗಾಗಿ ಪ್ರಯಾಣಿಕರ ಪೊಟ್ಟಣ ಅಲ್ಲಿ ಕಟ್ಟಿಸಲೇಬೇಕು. ಕಡಬ ಮಾತ್ರ ಬಹಳ ಕಾಲ ಉಪ್ಪಿನಂಗಡಿ-ಸುಬ್ರಹ್ಮಣ್ಯ ದಾರಿಯ ನಡುವಿನ ಸಣ್ಣ ಪೇಟೆಯಾಗಿಯೇ ಇತ್ತು. 2018ರಲ್ಲಿ ಅದು ತಾಲೂಕು ಕೇಂದ್ರವಾಗಿ, ಕುಕ್ಕೆಯೂ ಅದರ ವ್ಯಾಪ್ತಿಗೆ ಸೇರಿತು. ಕಚೇರಿ ಬಂದಲ್ಲಿ ಕಾಯುವವರು, ಕಾಯುವವರಿದ್ದಲ್ಲಿ ಚಾ-ತಿಂಡಿ.

ಪುತ್ತೂರಿನ ಸಿಹಿಯ ಮಾತೆತ್ತಿ ಚಾಕೊಲೇಟನ್ನು ಬಿಡಲಾದೀತೇ? 1970ರ ದಶಕದಲ್ಲಿ ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೊ ನೆಟ್ಟ ಕೃಷಿಕರಿಗೆ, ದಶಕ ಮುಗಿಯುವ ಹೊತ್ತಿಗೆ ಬೆಲೆ ಕುಸಿದು ಕೊಳ್ಳುವವರೇ ಇಲ್ಲದಂತಾಯಿತು. ಅಡಿಕೆಗಾಗಿ 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಕೊಕ್ಕೊವನ್ನೂ ಕೊಳ್ಳತೊಡಗಿತು. ಬರೀ ಕೊಂಡು ಮಾರಿದರೆ ಸಾಲದು ಎಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಕಟ್ಟಿತು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಗೇರುಬೀಜದ ರಾಷ್ಟ್ರೀಯ ಸಂಶೋಧನಾ ಕೇಂದ್ರವೂ ಪುತ್ತೂರಿನಲ್ಲಿ ಶುರುವಾದದ್ದು ಅದೇ ವರ್ಷ. ಹೀಗೆ ಕೊಕ್ಕೊ, ಗೇರು ಎರಡೂ ನಮ್ಮ ಗುಡ್ಡದಲ್ಲೇ ಆಗುತ್ತವೆ. ಆದರೂ ಕಾಜು ಬರ್ಫಿಯನ್ನು ಉತ್ತರದವರ ತಿಂಡಿ ಎಂದೇ ನಾವು ಕೊಳ್ಳುವುದು. ಗೇರುಬೀಜ ಹಾಕಿದ ನಮ್ಮದೇ ಆದ ಒಂದು ಸಿಹಿಯನ್ನು ಪುತ್ತೂರಿನ ಹೆಸರಿನಲ್ಲಿ ಯಾವ ಅಂಗಡಿಯೂ ಇನ್ನೂ ಪ್ರಸಿದ್ಧಿಗೆ ತರಲಿಲ್ಲವಲ್ಲ ಎಂಬುದು ನನ್ನ ಹಳೆಯ ತಕರಾರು.

ಈಗ ಆ ಪಕ್ಕದ ಮೇಜಿಗೆ ಬರೋಣ. ಹಲಸಿನ ಹಪ್ಪಳ ಮಾಡುವುದು ಒಬ್ಬರ ಕೆಲಸವಲ್ಲ. ಬಲಿತ, ಆದರೆ ಹಣ್ಣಾಗದ ಕಾಯಿ ಆರಿಸಬೇಕು. ಮೇಣ ಒರಸಿ, ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಉಪ್ಪು-ಮೆಣಸು ಸೇರಿಸಿ ಗುದ್ದಬೇಕು. ಉಂಡೆ ಕಟ್ಟಿ, ಒತ್ತಿ, ಚಾಪೆಯಲ್ಲಿ ಹರಡಿ, ಮೋಡ ಬಂದಾಗಲೆಲ್ಲ ಓಡಿಹೋಗಿ ಒಳಗೆ ತರಬೇಕು. ಅಜ್ಜಿ, ಸೊಸೆಯಂದಿರು, ಮಕ್ಕಳು, ನೆರೆಮನೆಯವರು ಸೇರಿ ಮಾಡುತ್ತಿದ್ದ ಕೆಲಸ. ಹಣ್ಣು ಹೆಚ್ಚಾದರೆ ಬೆಲ್ಲ ಹಾಕಿ ಕಾಯಿಸಿ ಬೆರಟಿ. ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದರೆ ಸಾಂತಾಣಿ. ಮಾವಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಎರೆದರೆ ಮಾಂಬಳ. ಆಮೇಲೆ ಮಕ್ಕಳು ಬೆಂಗಳೂರಿಗೆ ಹೋದರು, ಮನೆಯಲ್ಲಿ ಇಬ್ಬರೇ ಉಳಿದರು, ಹಲಸು ಮರದಡಿಯಲ್ಲೇ ಕೊಳೆಯಿತು. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ಯೂ ಅದರ ಸಂಪಾದಕ ಶ್ರೀಪಡ್ರೆಯವರೂ ಹಲಸಿಗೆ ಮಾನ ತರಲು ಮಾಡಿದ ಕೆಲಸ ಸಣ್ಣದಲ್ಲ. ಹಲಸಿನ ಮೇಳಗಳು ನಡೆದವು. ಸ್ತ್ರೀಶಕ್ತಿ ಗುಂಪುಗಳ, ಸ್ವಸಹಾಯ ಸಂಘಗಳ ಹೆಂಗಸರು ಹಪ್ಪಳ, ಸೋಂಟೆ ಮಾಡಿ ಅಂಗಡಿಗೆ ಕೊಡತೊಡಗಿದರು. ಮದುವೆಯ ಅಡುಗೆಭಟ್ಟರು ವರ್ಷವಿಡೀ ಹೋಳಿಗೆ ಮಾಡಿ ಮಾರತೊಡಗಿದರು. ಎಲೆಯಲ್ಲಿ ಬೆಂದ ಕೊಟ್ಟಿಗೆಯೂ ಕೊನೆಗೆ ಅಂಗಡಿಗೆ ಬಂತು. ಮುಸುರೆಯ ಲೆಕ್ಕ ಕೇಳುವವರು ಈಗ ಕಡಿಮೆ, ಅದು ಒಳ್ಳೆಯದೇ ಆಯಿತು.

ತಾಜಾತನದ ಬಗ್ಗೆ ನಾಲ್ಕು ಮಾತು. ಗೋಳಿಬಜೆಗೆ ಆಯುಸ್ಸು ಅರ್ಧ ಗಂಟೆ. ಬನ್ಸು ಬೆಳಗ್ಗಿನದ್ದು ಸಂಜೆಗೆ ನಡೆದೀತು. ಹಾಲಿನ ಸಿಹಿ ಎರಡು-ಮೂರು ದಿನ, ಲಡ್ಡು ಒಂದು ವಾರ. ಸಾಂತಾಣಿ ಮುಂದಿನ ಹಲಸಿನ ಕಾಲದವರೆಗೂ ಇದ್ದೀತು. ಒಳಗೆ ಉಳಿದ ನೀರಿನ ಪಸೆಯೇ ಈ ಆಯುಸ್ಸನ್ನು ತೀರ್ಮಾನಿಸುವುದು. ಖಾರಕಡ್ಡಿಗೆ ಸುಳ್ಳು ಹೇಳಲು ಬರುವುದಿಲ್ಲ, ಎಣ್ಣೆ ಹಳತಾದರೆ ಬಾಯಿಗೆ ಹಾಕಿದ ಕೂಡಲೇ ಗಂಟಲಿನಲ್ಲಿ ಹೇಳಿಬಿಡುತ್ತದೆ. ಕಾಯಿಸಿದ ಎಣ್ಣೆಯನ್ನೇ ಮತ್ತೆ ಮತ್ತೆ ಬಳಸುವುದಕ್ಕೆ 2018ರ ಜುಲೈಯಿಂದ ಕಾನೂನಿನ ಮಿತಿ ಉಂಟು. ಬಿಡಿಯಾಗಿ ಮಾರುವ ಸಿಹಿಯನ್ನು ಎಷ್ಟು ದಿನದೊಳಗೆ ತಿನ್ನಬೇಕು ಎಂದು ತಟ್ಟೆಯ ಮುಂದೆ ಬರೆದಿಡಬೇಕೆಂಬ ಆದೇಶ 2020ರ ಅಕ್ಟೋಬರ್ 1ರಿಂದ ಬಂತು. ಬೊಂಬಾಯಿ ಮಿಠಾಯಿಗೆ ಹಾಕುತ್ತಿದ್ದ ರೊಡಮೈನ್-ಬಿ ಬಣ್ಣಕ್ಕೆ ಕರ್ನಾಟಕ ಸರಕಾರ 2024ರ ಮಾರ್ಚಿನಲ್ಲಿ ತಡೆ ಹಾಕಿತು. ಆದೇಶಗಳು ಇವೆ, ಆದರೆ ಕೇಳುವ ಗಿರಾಕಿ ಇದ್ದರೆ ಮಾತ್ರ ತಟ್ಟೆಯ ಮುಂದೆ ಚೀಟಿ ಇರುತ್ತದೆ.

ಕಡೆಗೊಂದು ವಿನಂತಿ. ಈ ಮೇಜಿನ ಮೇಲಿನ ಎಷ್ಟೋ ಪ್ಯಾಕೆಟ್ಟುಗಳಲ್ಲಿ ಅಂಗಡಿಯ ಹೆಸರು ದೊಡ್ಡದಾಗಿರುತ್ತದೆ, ಮಾಡಿದ ಹೆಂಗಸರ ಗುಂಪಿನ ಹೆಸರು ಇರುವುದಿಲ್ಲ. ತಮ್ಮ ಹೆಸರಿನಲ್ಲೇ ಮಾರಲು ಸಣ್ಣ ತಯಾರಕರಿಗೆ ಆಹಾರ ಸುರಕ್ಷತಾ ಇಲಾಖೆಯ ಸರಳ ನೋಂದಣಿ ಸಾಕು, ದೊಡ್ಡ ಲೈಸೆನ್ಸೇನೂ ಬೇಡ. ಮುಂದಿನ ಸಲ ಹಪ್ಪಳದ ಕಟ್ಟು ಕೊಳ್ಳುವಾಗ ಇದು ಯಾವ ಊರಿನದು, ಯಾರು ಮಾಡಿದ್ದು, ಯಾವ ದಿನ ಒಣಗಿಸಿದ್ದು ಎಂದು ಅಂಗಡಿಯವರನ್ನು ಕೇಳಿ. ಹೆಸರು ಬರೆಸಿ ಎಂದು ಹೇಳಿ. ನಾಲ್ಕು ಜನ ಕೇಳಿದರೆ ಬರೆಸುತ್ತಾರೆ.