ದೂರವಾಣಿಯೂ ಮೀನಿನ ಬೆಲೆಯೂ



ದೂರವಾಣಿ ಬಂದರೆ ನಾಡು ಸಿರಿವಂತವಾಗುತ್ತದೆಯೋ, ಸಿರಿ ಬಂದ ಮೇಲೆ ದೂರವಾಣಿ ತಾನಾಗಿ ಬರುತ್ತದೆಯೋ? ಇದು ಹಳೆಯ ಚರ್ಚೆ. 1980ರ ದಶಕದ ನಡುವೆ ಮೇಟ್‌ಲ್ಯಾಂಡ್ ಆಯೋಗ ವರದಿ ಕೊಟ್ಟಾಗ, ಟೋಕಿಯೊ ನಗರವೊಂದರಲ್ಲಿದ್ದಷ್ಟು ದೂರವಾಣಿ ಇಡೀ ಆಫ್ರಿಕಾ ಖಂಡದಲ್ಲಿರಲಿಲ್ಲ. ನಮ್ಮ ದೇಶದಲ್ಲೂ ಆಗ ನೂರು ಮಂದಿಗೆ ಒಂದು ದೂರವಾಣಿ ಇರಲಿಲ್ಲ. ಕುಡಿಯುವ ನೀರಿಲ್ಲದ ಊರಿಗೆ ಫೋನ್ ಏತಕ್ಕೆ ಎಂದು ಕೇಳುವವರಿಗೆ ಕೊರತೆ ಇರಲಿಲ್ಲ.

1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ವಿದೇಶಿ ಎಕ್ಸ್‌ಚೇಂಜುಗಳು ಸಾವಿರಾರು ಲೈನುಗಳ ದೊಡ್ಡ ಊರಿಗೆ, ಹವಾನಿಯಂತ್ರಿತ ಕೋಣೆಗೆ ಹೇಳಿ ಮಾಡಿಸಿದಂತಿದ್ದವು. ನಮ್ಮ ಎಂಜಿನಿಯರುಗಳು 128 ಪೋರ್ಟುಗಳ ಪುಟ್ಟ ಎಕ್ಸ್‌ಚೇಂಜ್ ರೂಪಿಸಿದರು. ಸೆಕೆ, ಧೂಳು ಎರಡನ್ನೂ ತಾಳಿಕೊಳ್ಳುವಂಥದ್ದು. ಅದು ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಊರಿನವರಿಗೂ ಈ ಸಂಗತಿ ಎಷ್ಟು ನೆನಪಿದೆಯೋ!

ಸರಿ, ಫೋನ್ ಬಂತು. ಅದರಿಂದ ಹಣ ಹುಟ್ಟುವುದು ಹೇಗೆ? ಇದಕ್ಕೆ ಸ್ಪಷ್ಟ ಉತ್ತರ ಸಿಕ್ಕಿದ್ದು ಉತ್ತರ ಕೇರಳದ ಕಡಲತೀರದಲ್ಲಿ. ಬೂತಾಯಿ ಮೀನು ಮಧ್ಯಾಹ್ನದವರೆಗೂ ಕಾಯುವುದಿಲ್ಲ. ದಡದ ಸಂತೆ ಬೆಳಿಗ್ಗೆಯೇ ಮುಗಿಯುತ್ತದೆ. ಡೀಸೆಲ್ ಖರ್ಚಿನಲ್ಲಿ ದೋಣಿಯವರು ಒಂದು ದಡಕ್ಕೆ ಮಾತ್ರ ಹೋಗಬಲ್ಲರು. 1997ರ ಜನವರಿ 14ರ ಬೆಳಿಗ್ಗೆ ಬಡಗರದ ದಡದಲ್ಲಿ 11 ಮಂದಿ ಮೀನುಗಾರರಿಗೆ ಕೊಳ್ಳುವವರು ಸಿಗಲಿಲ್ಲ, ಹಿಡಿದದ್ದನ್ನು ಚೆಲ್ಲಬೇಕಾಯಿತು. ಹದಿನೈದು ಕಿಲೋಮೀಟರಿನೊಳಗಿನ ಸಂತೆಗಳಲ್ಲಿ ಅದೇ ಹೊತ್ತಿಗೆ 27 ಮಂದಿ ಮೀನಿಗಾಗಿ ಕಾದಿದ್ದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲ, ಅಷ್ಟೆ.

ಆ ವರ್ಷದಿಂದ 2001ರ ನಡುವೆ ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳಿಗೆ ಹಂತಹಂತವಾಗಿ ಮೊಬೈಲ್ ಬಂತು. ಗೋಪುರಗಳನ್ನು ನಿಲ್ಲಿಸಿದ್ದು ಪಟ್ಟಣಿಗರಿಗಾಗಿ. ಆದರೆ ಸಂಕೇತ ಕಡಲಿನ ಮೇಲೂ ಇಪ್ಪತ್ತು ಕಿಲೋಮೀಟರಿನಾಚೆಗೆ ಹೋಗುತ್ತಿತ್ತು! ಮೀನುಗಾರರು ಬಲೆ ಎಳೆದು, ದೋಣಿಯಿಂದಲೇ ನಾಲ್ಕು ಸಂತೆಗಳ ಬೆಲೆ ವಿಚಾರಿಸತೊಡಗಿದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಈ ವರ್ಷಗಳ ಬೆಲೆಗಳನ್ನು ವಾರವಾರವೂ ಕಲೆಹಾಕಿ 2007ರಲ್ಲಿ ಪ್ರಕಟಿಸಿದರು. ಊರೂರಿಗೆ ಬೇರೆಯಾಗಿದ್ದ ಬೆಲೆಗಳು ಹತ್ತಿರ ಬಂದಿದ್ದವು. ಮೀನು ಚೆಲ್ಲುವುದು ನಿಂತುಹೋಗಿತ್ತು. ಮೀನುಗಾರರ ಲಾಭ ಸರಾಸರಿ ಶೇ. 8ರಷ್ಟು ಏರಿತ್ತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿದಿತ್ತು. ಮಾರುವವನಿಗೂ ಕೊಳ್ಳುವವನಿಗೂ ಒಟ್ಟಿಗೆ ಲಾಭವಾಗುವುದು ವ್ಯಾಪಾರದಲ್ಲಿ ಅಪರೂಪ. ಇಲ್ಲಿ ಅದು ಬಂದದ್ದು ಹಾಳಾಗುತ್ತಿದ್ದ ಮೀನಿನಿಂದ.

ಒಂದು ಮಾತು ಉಳಿಯುತ್ತದೆ. ಆ ಮೀನುಗಾರನ ಕೈಯಲ್ಲಿ ದೋಣಿಯ ಚುಕ್ಕಾಣಿ ಇತ್ತು, ಬೆಲೆ ಹೆಚ್ಚಿದ್ದ ದಡದತ್ತ ತಿರುಗಿಸಿದ. ದಲ್ಲಾಳಿಯಿಂದ ಮುಂಗಡ ಸಾಲ ತಂದ ಈರುಳ್ಳಿ ಬೆಳೆಗಾರನಿಗೆ ಎಲ್ಲ ಮಾರುಕಟ್ಟೆಗಳ ಧಾರಣೆಯೂ ಫೋನಿನಲ್ಲಿ ಕಾಣುತ್ತದೆ. ಮೂಟೆ ಮಾತ್ರ ಆ ದಲ್ಲಾಳಿಯ ಅಂಗಡಿಗೇ ಹೋಗುತ್ತದೆ.