ಅವ್ವ ದೇವರ ಜೊತೆ ಮಾತು ಬಿಟ್ಟದ್ದು

ಪುಣೆಯ ಕನ್ನಡ ಸಂಘದ ಬಂಧುಗಳೇ, ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಾ ಕೂತಿರುವ ಮೊಮ್ಮಕ್ಕಳೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಎಣ್ಣೆಗಾಯಿ ವಾಸನೆ ಆಗಲೇ ಇಲ್ಲಿವರೆಗೂ ಬಂದಿದೆ, ಏಳಕ್ಕೇ ಮುಗಿಸುತ್ತೇನೆ.

ಹೋದ ದೀಪಾವಳಿ ರಜೆಯಲ್ಲಿ ಮೊಮ್ಮಗಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ವಿಠ್ಠಲನ ಗುಡಿಯಲ್ಲಿ ಕಲ್ಲಿನ ರಥದ ಮುಂದೆ ಫೋಟೋಗಳೆಲ್ಲ ಆದವು. ಒಳಗೆ ಹೋದರೆ ಗರ್ಭಗುಡಿ ಖಾಲಿ. "ಅಜ್ಜಾ, ದೇವ ಕುಠೇ ಗೇಲಾ?" ಅಂದಳು. ನಗಬೇಡಿ, ನಿಮ್ಮ ಮನೆಯಲ್ಲೂ ಇದೇ ಕನ್ನಡ! ವಿಜಯನಗರಕ್ಕೆ ಒಯ್ದಿದ್ದ ವಿಠ್ಠಲನನ್ನು ಸಂತ ಭಾನುದಾಸರು ಪಂಢರಪುರಕ್ಕೆ ವಾಪಸು ತಂದರು ಅಂತ ಅವನ ಭಕ್ತರಾದ ವಾರಕರಿಗಳು ಹೇಳುವ ಕಥೆ ನೆನಪಾಯಿತು. "ನಮ್ಮಂಗ ಅವನೂ ಮಹಾರಾಷ್ಟ್ರಕ್ಕ ಬಂದು ಸೇರ್ಯಾನವಾ" ಅಂದೆ.

ಅಲ್ಲಿಂದ ಹೊಳೆಯ ಕಡೆ ಇಳಿದರೆ ಪುರಂದರದಾಸರ ಮಂಟಪ. ತುಂಗಭದ್ರೆ ತುಂಬಿ ಬಂದಾಗ ಅದು ನೀರಲ್ಲಿ ಮುಳುಗಿಬಿಡುತ್ತದೆ. ನವಕೋಟಿ ನಾರಾಯಣ ಅನಿಸಿಕೊಂಡಿದ್ದವರು ಎಲ್ಲ ಬಿಟ್ಟು ತಂಬೂರಿ ಹಿಡಿದ ಕಥೆ ನಿಮಗೆ ಹೇಳಬೇಕಿಲ್ಲ. ಆದರೆ ದಾಸರು ದೇವರನ್ನು ಬರೀ ಹೊಗಳಲಿಲ್ಲ. ಅವನು ಕೈಗೆ ಸಿಗದಾಗ ಬೈದರು, ಕೆಣಕಿದರು, ಲೆಕ್ಕ ಕೇಳಿದರು. ವ್ಯಾಪಾರಿ ಬುದ್ಧಿ ಎಲ್ಲಿ ಹೋಗುತ್ತೆ! ಪಂಡಿತರು ಇದಕ್ಕೆ ನಿಂದಾಸ್ತುತಿ ಅನ್ನುತ್ತಾರೆ. ನಮ್ಮ ಅವ್ವನಿಗೆ ಆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಗದಗದಲ್ಲಿ ಅಪ್ಪನ ಅಂಗಡಿ ಚೆನ್ನಾಗಿ ನಡೆಯುವಾಗ ಹುಣ್ಣಿಮೆಗೊಮ್ಮೆ ಹೋಳಿಗೆ ನೈವೇದ್ಯ. ಆಗ ದೇವರ ಮುಂದೆ ಎರಡು ನಿಮಿಷ ಕೂಡಲು ಅವ್ವನಿಗೆ ಪುರುಸೊತ್ತಿರಲಿಲ್ಲ. ಅಂಗಡಿ ಮುಚ್ಚಿದ ವರ್ಷ ಚಿಟಿಕೆ ಸಕ್ಕರೆ. "ನಮಗ ಇಲ್ಲ, ನಿನಗ ಎಲ್ಲಿಂದ ತರ್ಲಿ?" ಅಂತ ಪಟದ ಮುಂದೆ ಕೂತು ಜಗಳ. ಅದೂ ಸಾಕಾಗಿ ಒಂದು ಶ್ರಾವಣವಿಡೀ ಮಾತೇ ಬಿಟ್ಟಳು. "ಅಂವಾ ಮಾತಾಡ್ಸೂದಿಲ್ಲಂದ್ರ ನಾ ಯಾಕ ಮಾತಾಡ್ಸ್ಲಿ?" ದೀಪ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಮತ್ತೆ ದೀಪ ಯಾಕವ್ವಾ ಅಂದರೆ, "ಮನ್ಯಾಗಿನಾಂವನ್ನ ಕತ್ತಲದಾಗ ಕುಂದ್ರಸ್ಲೇನು?" ಅಂದಳು.

ಅವ್ವ ಅಪ್ಪನಿಗೆ 'ನೀವು' ಅನ್ನುತ್ತಿದ್ದಳು, ದೇವರಿಗೆ 'ನೀ'. ಮರಾಠಿಯಲ್ಲೂ ವಿಠೋಬನಿಗೆ ಏಕವಚನವೇ, ಅದಕ್ಕೇ ಅವನು ಇಲ್ಲಿ ಆರಾಮಾಗಿದ್ದಾನೆ. ಇಂಗ್ಲಿಷಿನಲ್ಲಿ ಮಾತ್ರ ಮಾವನಿಗೂ ದೇವರಿಗೂ ಒಂದೇ 'ಯೂ'. ನಮ್ಮ ಮಕ್ಕಳು ಪರೀಕ್ಷೆಗೆ ಮೊದಲು ದೇವರಿಗೆ 'ಪ್ಲೀಸ್' ಅಂತಾರೆ, ಪಾಸಾದರೆ 'ಥ್ಯಾಂಕ್ಯೂ'. ಸರಿ, ಫೇಲಾದರೆ? ನಾಳೆ ಯಾವುದೋ ದೂರದ ಊರಲ್ಲಿ, ನಡುರಾತ್ರಿ, ಮೇಲೆ ಯಾರೂ ಇಲ್ಲವೇನೋ ಅನಿಸಿದಾಗ, ಅವನನ್ನು ತರಾಟೆಗೆ ತೆಗೆದುಕೊಳ್ಳುವಷ್ಟು ಕನ್ನಡವಾದರೂ ಅವರ ಬಾಯಲ್ಲಿ ಉಳಿಯಲಿ ಅಂತ ನನ್ನ ಆಸೆ.

ಈಗ ನನ್ನ ಹಳೇ ರಾಗಕ್ಕೆ ಬರುತ್ತೇನೆ. ಕಾರ್ಯದರ್ಶಿಗಳು ಆಗಲೇ ಗಡಿಯಾರ ನೋಡುತ್ತಿದ್ದಾರೆ. ಪ್ರತಿ ಶನಿವಾರ ಸಂಜೆ ಐದೂವರೆಗೆ ಇದೇ ಸಭಾಂಗಣದಲ್ಲಿ ದಾಸರ ಪದ ಹೇಳಿಕೊಡುತ್ತೇನೆ. ಏಳು ಮಕ್ಕಳು ಬರುತ್ತಾರೆ. ಕ್ರಿಕೆಟ್ ಇದ್ದರೆ ಮೂರು. ರಾಗ ತಪ್ಪಿದರೆ ನಡೆಯುತ್ತದೆ, ಅರ್ಥ ಕೇಳದೆ ಮಾತ್ರ ಯಾರೂ ಏಳುವಂತಿಲ್ಲ. ಪಾಠಕ್ಕೆ ಬಳಸುವ ಹಾರ್ಮೋನಿಯಂ ಪೇಟಿಯ ಎರಡು ಸ್ವರ ಹತ್ತುತ್ತಿಲ್ಲ, ತಿದಿ ಸೋರುತ್ತಿದೆ. ರಿಪೇರಿ ಬಲ್ಲವರು ಸಭೆಯಲ್ಲಿ ಇದ್ದರೆ ಊಟಕ್ಕೆ ಕೂಡುವ ಮೊದಲು ನನಗೆ ಸಿಗಿ, ರೊಟ್ಟಿ ನಾನೇ ಬಡಿಸುತ್ತೇನೆ.